ಚೌಳು ನೀರಿಗೆ ಎಷ್ಟು ಹನಿ ನಿಂಬೆ?

ಮೇಲಿನ ಗಡಿಗೆಗೆ ಹಂಪಿ ಇನ್ನೊಂದು ಚೊಂಬು ನೀರು ಸುರಿದಳು. ಗಡಿಗೆಯ ತುಂಬ ಚೌಳು ಮಣ್ಣು, ದಿಬ್ಬದಿಂದ ಕೆರೆದು ತಂದ ಉಪ್ಪುಪ್ಪಾದ ಮಣ್ಣು. ತಳದಲ್ಲಿ ಕಿರುಬೆರಳಷ್ಟು ತೂತು, ತೂತಿಗೆ ಒಂದು ಹಿಡಿ ಹುಲ್ಲು. ಸುರಿದ ನೀರು ಮಣ್ಣಿನೊಳಗೆ ಇಳಿದು, ಹುಲ್ಲಿನಲ್ಲಿ ಸೋಸಿ, ಕೆಳಗಿನ ಗಡಿಗೆಗೆ ತೊಟ್ಟು ತೊಟ್ಟಾಗಿ ಬೀಳುತ್ತಿತ್ತು.

"ಎಷ್ಟು ಇಳೀತು?" ಒಳಗಿನಿಂದ ಅವ್ವ ಕೇಳಿದಳು.

"ಅರ್ಧ ಗಡಿಗಿ."

ನೀರು ಎಷ್ಟು ಇಳಿಯಿತೆಂದು ಯಾರು ಬೇಕಾದರೂ ಹೇಳಬಹುದು. ಆ ನೀರಿನಲ್ಲಿ ಚೌಳಿನ ಕಸುವು ಎಷ್ಟಿದೆ ಎಂದು ಹೇಳುವವರು ಮಾತ್ರ ಈಗ ಮನೆಯಲ್ಲಿ ಇರಲಿಲ್ಲ.

ಹಂಪಿಯ ಮನೆಯವರು ನಾರಾಯಣಪೇಟೆಯ ನೇಕಾರರು. ಅವರು ನೇಯುವ ಸೀರೆಯ ಮೈ ಹತ್ತಿಯದು, ದಡಿ ರೇಷ್ಮೆಯದು. ಕಚ್ಚಾ ರೇಷ್ಮೆಯ ಮೇಲೆ ಒಂದು ಅಂಟು ಇರುತ್ತದೆ. ಚೌಳು ನೀರಿನಲ್ಲಿ ಕುದಿಸಿದರೆ ಆ ಅಂಟು ಬಿಟ್ಟು ನೂಲು ಮೆತ್ತಗಾಗುತ್ತದೆ, ಹೊಳೆಯುತ್ತದೆ, ಬಣ್ಣ ಕುಡಿಯುತ್ತದೆ. ಆದರೆ ನೀರಿನ ಕಸುವು ಸರಿಯಾಗಿರಬೇಕು. ಕಡಿಮೆಯಾದರೆ ಅಂಟು ಬಿಡುವುದಿಲ್ಲ. ಹೆಚ್ಚಾದರೆ ನೂಲೇ ಸುಟ್ಟಂತಾಗುತ್ತದೆ. ಒಂದು ದಿಬ್ಬದ ಮಣ್ಣಿನಂತೆ ಇನ್ನೊಂದು ದಿಬ್ಬದ ಮಣ್ಣು ಇರುವುದಿಲ್ಲ. ಹಾಗಾಗಿ ತೂಕ ಮಾಡಿ ಹಾಕಿದರೂ ಪ್ರಯೋಜನವಿಲ್ಲ.

ಇಷ್ಟು ದಿನ ಆ ಲೆಕ್ಕ ಇದ್ದದ್ದು ಅಜ್ಜಿ ಚನ್ನವೀರಮ್ಮನ ನಾಲಿಗೆಯ ಮೇಲೆ. ಮನೆಯವರೆಲ್ಲ ಅವಳನ್ನು ಆಯಿ ಎನ್ನುತ್ತಿದ್ದರು. ಆಯಿ ಬೆರಳ ತುದಿಯನ್ನು ಚೌಳು ನೀರಿನಲ್ಲಿ ಅದ್ದಿ, ನಾಲಿಗೆಗೆ ಮುಟ್ಟಿಸಿ, ತಕ್ಷಣ ಉಗುಳಿ ಬಾಯಿ ಮುಕ್ಕಳಿಸುತ್ತಿದ್ದಳು. ಆಮೇಲೆ ಕಣ್ಣು ಮುಚ್ಚಿ ಒಂದು ಗಳಿಗೆ ಸುಮ್ಮನಿರುತ್ತಿದ್ದಳು. "ಇನ್ನ ಎರಡು ಚೊಂಬು ನೀರು ಹಾಕ್ರಿ" ಎಂದರೆ ಎರಡೇ ಚೊಂಬು. ಅದು ತಪ್ಪಿದ್ದನ್ನು ಯಾರೂ ನೋಡಿರಲಿಲ್ಲ. ಓಣಿಯ ಬೇರೆ ಮನೆಯವರೂ ಚೊಂಬಿನಲ್ಲಿ ಚೌಳು ನೀರು ಹಿಡಿದು ಅವಳ ಹತ್ತಿರ ಬರುತ್ತಿದ್ದರು.

ಹೋದ ಮಳೆಗಾಲದಲ್ಲಿ ಆಯಿಗೆ ಜ್ವರ ಬಂತು. ಜ್ವರ ಬಿಟ್ಟಿತು, ಆದರೆ ಹೋಗುವಾಗ ನಾಲಿಗೆಯ ರುಚಿಯನ್ನೂ ತೆಗೆದುಕೊಂಡು ಹೋಯಿತು. ಬೆಲ್ಲ ಇಟ್ಟರೂ ಅಷ್ಟೇ, ಬೂದಿ ಇಟ್ಟರೂ ಅಷ್ಟೇ. ಅಂದಿನಿಂದ ಆಯಿ ರೇಷ್ಮೆ ಕುದಿಸುವ ಒಲೆಯ ಹತ್ತಿರ ಬರುವುದನ್ನೇ ಬಿಟ್ಟಳು. ಬಾಗಿಲ ಬಳಿ ಕುಳಿತು ದಾರಿ ನೋಡುತ್ತಿದ್ದಳು.

ಅವ್ವ ಅಂದಾಜಿನ ಮೇಲೆ ಎರಡು ಸಲ ಕುದಿಸಿದಳು. ಮೊದಲ ಸಲ ನೀರಿನ ಕಸುವು ಸಾಲದೆ ನೂಲು ತಂತಿಯ ಹಾಗೆ ಬಿರುಸಾಗಿ ಉಳಿಯಿತು. ಎರಡನೆಯ ಸಲ ಹೆಚ್ಚಾಗಿ, ಲಾಳಿ ಎಸೆದಾಗಲೆಲ್ಲ ಎಳೆ ಪಟಪಟ ಹರಿಯಿತು. ಅಪ್ಪ ಅಯ್ಯಣ್ಣ ಮಗ್ಗದ ಕುಣಿಯಿಂದ ಎದ್ದು ಬಂದ.

ಮಗ್ಗದ ಕಂಬಕ್ಕೆ ಒಂದು ಕಾಗದ ಸಿಕ್ಕಿಸಿತ್ತು. ಅದು ಅವ್ವನ ಅಣ್ಣ ಮಲ್ಲಣ್ಣ ಮಾವ ಬರೆದದ್ದು. ರಜಾಕಾರರ ಗದ್ದಲದ ವರ್ಷ ಮಾವ ಹೈದರಾಬಾದ್ ಸಂಸ್ಥಾನದ ಗಡಿ ದಾಟಿ ಸೊಲ್ಲಾಪುರಕ್ಕೆ ಹೋಗಿದ್ದ. ಆಮೇಲೆ ಬಹಳ ದಿನ ಆ ಕಡೆಯಿಂದ ಈ ಕಡೆಗೆ ಒಂದು ಚೀಟಿಯೂ ಬರಲಿಲ್ಲ. ಪೊಲೀಸ್ ಆ್ಯಕ್ಷನ್ ಆಗಿ ಟಪಾಲು ನೆಟ್ಟಗಾದ ಮೇಲೆ ಈ ಕಾಗದ ಬಂತು. ಮಗ್ಗ ಮಾರಿ ಎಲ್ಲರೂ ಸೊಲ್ಲಾಪುರಕ್ಕೆ ಬಂದುಬಿಡಿ, ಇಲ್ಲಿ ಮಿಲ್ಲಿನಲ್ಲಿ ಕೆಲಸವಿದೆ, ಬರುತ್ತೀರೋ ಇಲ್ಲವೋ ಬರೆಯಿರಿ ಎಂದು ಮಾವ ಕೇಳಿದ್ದ.

ಅಪ್ಪ ಅಂದೇ ಲಕೋಟೆಯನ್ನೂ ಸ್ಟಾಂಪನ್ನೂ ತಂದಿಟ್ಟ. ಉತ್ತರ ಮಾತ್ರ ಬರೆಯಲಿಲ್ಲ. ಅವ್ವ ಕೇಳಿದಾಗಲೆಲ್ಲ "ನಾಳಿ ಬರೀತೀನಿ" ಎನ್ನುತ್ತಿದ್ದ. ಸಂಕ್ರಾಂತಿ ಕಳೆಯಿತು, ಶಿವರಾತ್ರಿಯೂ ಕಳೆಯಿತು. ಲಕೋಟೆಯ ಮೂಲೆ ಹಳದಿಯಾಯಿತು.

ಮೊನ್ನೆ ಅಪ್ಪ ಕೊನೆಗೂ ಒಂದು ಮಾತು ಹೇಳಿದ. "ಮೂರು ಲಡಿ ರೇಷ್ಮಿ ಉಳದಾವ. ಸರಿ ಬಂದ್ರ ಇಲ್ಲೇ ಇರೋಣ. ಇಲ್ಲಂದ್ರ ಬರ್ತೀವಿ ಅಂತ ಬರದುಬಿಡ್ತೀನಿ."

ಹಂಪಿಗೆ ಅಂದಿನಿಂದ ಅನ್ನ ಸೇರುತ್ತಿರಲಿಲ್ಲ. ಸೊಲ್ಲಾಪುರಕ್ಕೆ ಹೋದರೆ ಶಾಲೆ ಬಿಡಬೇಕು. ಶಾಲೆ ಬಿಟ್ಟರೆ ವಿಜಯಾಬಾಯಿಯವರನ್ನೂ ಬಿಡಬೇಕು.

ವಿಜಯಾಬಾಯಿ ಹೆಣ್ಣುಮಕ್ಕಳ ಶಾಲೆಗೆ ಪಾಠ ಹೇಳಲು ಬಂದದ್ದು ಆ ವರ್ಷವೇ. ಮಕ್ತಲದ ಗುಡಿಯ ಅರ್ಚಕರ ಮಗಳು. ಹೈದರಾಬಾದಿನಲ್ಲಿ ಇಂಟರ್ ತನಕ ಸಾಯನ್ಸ್ ಓದಿದ್ದರು. ಅವರು ನಡೆದರೆ ಚುರುಕು, ಮಾತಾಡಿದರೆ ನಿಧಾನ. ಪ್ರಶ್ನೆ ಕೇಳಿದ ಮೇಲೆ ಉತ್ತರ ಬರುವ ತನಕ ಕಾಯುತ್ತಿದ್ದರು. ಹಾಗೆ ಕಾಯುವವರನ್ನು ಹಂಪಿ ಅದುವರೆಗೆ ಶಾಲೆಯಲ್ಲಿ ನೋಡಿರಲಿಲ್ಲ.

ಹಂಪಿ ಗಡಿಗೆಗೆ ನೀರು ಸುರಿದ ಮರುದಿನ ಅವರು ಟವೆಲಿನಲ್ಲಿ ಏನನ್ನೋ ಸುತ್ತಿ, ಎಳೆಗೂಸನ್ನು ಹಿಡಿದಂತೆ ಹಿಡಿದು ಕ್ಲಾಸಿಗೆ ಬಂದರು. ಬಿಚ್ಚಿದರೆ ಉದ್ದನೆಯ ಗಾಜಿನ ಕೊಳವೆ. ಮೈತುಂಬ ಸಣ್ಣ ಸಣ್ಣ ಗೆರೆ, ತುದಿಯಲ್ಲಿ ಪುಟ್ಟ ನಲ್ಲಿ. ಅದರ ಹೆಸರು ಬ್ಯೂರೆಟ್ ಎಂದರು. ಹುಡುಗರ ಹೈಸ್ಕೂಲಿನಿಂದ ಕೇಳಿ ತಂದದ್ದಂತೆ. ಒಡೆದರೆ ಊರಲ್ಲಿ ಇನ್ನೊಂದಿಲ್ಲವಂತೆ. ಹುಡುಗಿಯರು ಕೈ ಹಿಂದೆ ಕಟ್ಟಿಕೊಂಡು ಕುಳಿತರು.

ಬಾಯಿಯವರು ಒಂದು ಗ್ಲಾಸಿಗೆ ಬಟ್ಟೆ ಒಗೆಯುವ ಸೋಡಾ ಕರಗಿಸಿದ ನೀರು ಹಾಕಿ, ಚಿಟಿಕೆ ಅರಿಶಿನ ಉದುರಿಸಿದರು. ನೀರು ಕೆಂಪಾಯಿತು.

"ಆರತಿ ನೀರು ರೀ!" ಹಿಂದಿನ ಸಾಲಿನವರು ಕೂಗಿದರು. ಅರಿಶಿನಕ್ಕೆ ಸುಣ್ಣ ಹಾಕಿದರೆ ಆರತಿಯ ನೀರು ಕೆಂಪಾಗುವುದು ಯಾರಿಗೆ ಗೊತ್ತಿಲ್ಲ? ಸುಣ್ಣದ ಗುಣ ಸೋಡಾಕ್ಕೂ ಇದೆ ಎಂದರು ಬಾಯಿಯವರು. ಚೌಳಿಗೂ ಇದೆ ಎಂದರು. ಆ ಮಾತಿಗೆ ಹಂಪಿ ನೆಟ್ಟಗೆ ಕುಳಿತಳು.

ಕೊಳವೆಯಲ್ಲಿ ನಿಂಬೆನೀರು ತುಂಬಿ, ನಲ್ಲಿ ತಿರುಗಿಸಿ, ಕೆಂಪು ನೀರಿಗೆ ಹನಿ ಹನಿಯಾಗಿ ಬಿಟ್ಟರು. ಕೆಂಪು ಹಾಗೇ ಇತ್ತು. ಹಾಗೇ ಇತ್ತು. ಇನ್ನೇನೂ ಆಗುವಂತೆ ಕಾಣುವುದಿಲ್ಲ ಎನ್ನುವಾಗಲೇ, ಒಂದೇ ಒಂದು ಹನಿ ಬಿದ್ದದ್ದಕ್ಕೆ ಗ್ಲಾಸಿನ ನೀರೆಲ್ಲ ಹಳದಿಯಾಗಿಬಿಟ್ಟಿತು. ಸೋಡಾದ ಕಸುವು ಮುಗಿದ ಗಳಿಗೆ ಅದೇ ಎಂದು ಅವರು ತಿಳಿಸಿದರು.

"ಈ ಗ್ಲಾಸಿನ ನೀರಿಗೆ ಸೇರಿಗೆ ಒಂದು ತೊಲ ಸೋಡಾ ಹಾಕಿದ್ದೆ. ಇಪ್ಪತ್ತು ಗೆರಿ ನಿಂಬೆನೀರು ಹಿಡೀತು" ಎಂದು ಅವರು ಇನ್ನೊಂದು ಗ್ಲಾಸು ಮುಂದಿಟ್ಟರು. ಅಳತೆ ಅಷ್ಟೇ, ನಿಂಬೆನೀರು ಅದೇ. ಅದು ಹತ್ತೇ ಗೆರೆಗೆ ಹಳದಿಯಾಯಿತು. "ಇದರಾಗ ಸೇರಿಗೆ ಎಷ್ಟು ಸೋಡಾ ಹಾಕೀನಿ?"

ಬಾಯಿಯವರು ಕಾದರು.

"ಅರ್ಧ ತೊಲ ರೀ" ಎಂದಳು ಹಂಪಿ.

"ನಾ ಹಾಕೋದು ನೀ ನೋಡಿದ್ಯೇನು?"

"ಇಲ್ಲ ರೀ. ನಿಂಬಿನೀರು ಹೇಳ್ತು."

ಬಾಯಿಯವರು ನಕ್ಕರು. ಹೋಗುವಾಗ ಒಂದು ಮಾತು ಸೇರಿಸಿದರು: ಎರಡು ನೀರನ್ನು ಹೋಲಿಸುವಾಗ ಎರಡಕ್ಕೂ ಅದೇ ಪಾತ್ರೆಯ ನಿಂಬೆನೀರು ಹಾಕಬೇಕು. ಒಂದು ನಿಂಬೆಯ ಹುಳಿ ಇನ್ನೊಂದಕ್ಕೆ ಇರುವುದಿಲ್ಲ.

ಮನೆಗೆ ಬರುವಷ್ಟರಲ್ಲಿ ಹಂಪಿಯ ತಲೆಯಲ್ಲಿ ಎಲ್ಲ ಸಿದ್ಧವಾಗಿತ್ತು. ಬ್ಯೂರೆಟ್ ಇರಲಿಲ್ಲ, ಆದರೆ ಅಪ್ಪನ ಪೆನ್ನಿಗೆ ಶಾಯಿ ತುಂಬುವ ಡ್ರಾಪರ್ ಇತ್ತು. ಗೆರೆ ಎಣಿಸುವ ಬದಲು ಹನಿ ಎಣಿಸಿದರಾಯಿತು. ಸರಿಯಾದ ಕಸುವಿನ ನೀರು ಒಂದು ಬೇಕು, ಹೋಲಿಸುವುದಕ್ಕೆ. ಅದೂ ಮನೆಯಲ್ಲಿಯೇ ಇತ್ತು. ಹೆಪ್ಪಿನ ಬಾಟ್ಲಿ.

ಮೊಸರಿಗೆ ಹೆಪ್ಪು ಇಡುವ ಹಾಗೆ ಈ ಮನೆಯಲ್ಲಿ ಚೌಳು ನೀರಿಗೂ ಹೆಪ್ಪು ಇಡುವ ಪದ್ಧತಿ. ಹಿಂದಿನ ಸಲದ ಚೌಳು ನೀರನ್ನು ಬಾಟ್ಲಿಯಲ್ಲಿ ಬಿರಡೆ ಹಾಕಿ ಗೋಡೆಯ ಮಾಡದಲ್ಲಿ ಇಡುತ್ತಿದ್ದರು. ಹೊಸ ಗಡಿಗೆಗೆ ಅದರಿಂದ ಅರ್ಧ ಬಾಟ್ಲಿ ಹಾಕುವುದು. ಹಳೆಯದರ ಗುಣ ಹೊಸದಕ್ಕೆ ಬರಲಿ ಎಂದು. ಆಯಿ ಮಾಡಿದ ನೀರು ಅದರಲ್ಲಿರುವಾಗ ಇನ್ನೇನು ಬೇಕು?

ಹಂಪಿ ಒಂದು ಲೋಟ ನಿಂಬೆನೀರು ಮಾಡಿಕೊಂಡಳು. ಬಟ್ಟಲಿಗೆ ಬಾಟ್ಲಿಯಿಂದ ಒಂದು ಚಮಚ, ಮೇಲೆ ಚಿಟಿಕೆ ಅರಿಶಿನ. ಹದಿನೆಂಟು ಹನಿಗೆ ಕೆಂಪು ಹೋಯಿತು. ಹೊಸ ಗಡಿಗೆಯ ಚೌಳು ನೀರಿಗೆ ಇಪ್ಪತ್ತನಾಲ್ಕು ಹನಿ ಬೇಕಾಯಿತು. ಅಂದರೆ ಹೊಸದು ಹೆಚ್ಚು ಕಸುವಿನದು. ಸುಣ್ಣದ ಗೋಡೆಯ ಮೇಲೆ ಇದ್ದಿಲಿನಿಂದ ಲೆಕ್ಕ ಹಾಕಿದಳು. ಮೂರು ಚೊಂಬು ಚೌಳು ನೀರಿಗೆ ಒಂದು ಚೊಂಬು ಸಾದಾ ನೀರು ಬೆರೆಸಿದರೆ ಹದಿನೆಂಟಕ್ಕೆ ಇಳಿಯುತ್ತದೆ.

ಅವ್ವ ಮೊದಲು ಒಪ್ಪಲಿಲ್ಲ. ಆಮೇಲೆ, ತನ್ನ ಅಂದಾಜಿಗಿಂತ ಇದೇನು ಕೆಟ್ಟದ್ದಲ್ಲ ಎಂದುಕೊಂಡು ಒಂದು ಲಡಿ ನೂಲು ಕೊಟ್ಟಳು.

"ನಿಂಬಿಹಣ್ಣಿನ ಬಾಯಾರು ಏನು ಅಂತಾರ?" ಬಾಗಿಲ ಬಳಿಯಿಂದ ಆಯಿ ಕೇಳಿದಳು. "ರೇಷ್ಮಿ ಕುದಸ್ತೀರೋ, ಉಪ್ಪಿನಕಾಯಿ ಹಾಕ್ತೀರೋ?"

ಲಡಿ ಕುದಿಯಿತು. ತೊಳೆದು, ಹಿಂಡಿ, ಹಗ್ಗದ ಮೇಲೆ ಹರವಿದರು. ಒಣಗಿದ ಮೇಲೆ ಅಪ್ಪ ಒಂದು ಎಳೆಯನ್ನು ಎರಡು ಬೆರಳಿನಲ್ಲಿ ಹಿಡಿದು ಎಳೆದ. ಹರಿಯಿತು. ಇನ್ನೊಂದು ಎಳೆದ. ಅದೂ ಹರಿಯಿತು.

ಅಪ್ಪ ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು ಎನ್ನಿಸಿತು ಹಂಪಿಗೆ. ಅವನು ಲಕೋಟೆ ತೆಗೆದ, ಹಾಳೆ ತೆಗೆದ, ಮಲ್ಲಣ್ಣ ಮಾವ ಕೊಟ್ಟಿದ್ದ ಪೆನ್ನು ತೆಗೆದ. ಪೆನ್ನಿನಲ್ಲಿ ಶಾಯಿ ಇರಲಿಲ್ಲ. ಡ್ರಾಪರ್ ಎಲ್ಲಿ ಎಂದು ಮನೆಯೆಲ್ಲ ಹುಡುಕಿದ. ಅದು ಹಂಪಿಯ ಪಾಟಿಚೀಲದಲ್ಲಿತ್ತು, ಒಳಗೆಲ್ಲ ನಿಂಬೆರಸ ಅಂಟಿತ್ತು. ಅವಳು ಬಾಯಿ ಬಿಡಲಿಲ್ಲ.

"ನಾಳಿ ಬರೀತೀನಿ" ಎಂದು ಅಪ್ಪ ಪೆನ್ನು ಇಟ್ಟ.

ಮರುದಿನ ಬೆಳಿಗ್ಗೆ ಹಂಪಿ ಕಸ ಗುಡಿಸುತ್ತಿದ್ದಳು. ಅವ್ವ ಮಾಡದಿಂದ ಹೆಪ್ಪಿನ ಬಾಟ್ಲಿಯನ್ನು ತೆಗೆದು, ನಿನ್ನೆ ಕುದಿಸಲು ಬೆರೆಸಿ ಉಳಿದಿದ್ದ ನೀರನ್ನು ಅದಕ್ಕೆ ತುಂಬತೊಡಗಿದಳು. ಹಂಪಿ ಕಸಬರಿಗೆ ಹಿಡಿದೇ ನಿಂತಳು.

"ಯವ್ವಾ, ಅದೇನು ಮಾಡಾಕತ್ತಿ?"

"ಹೆಪ್ಪಿನ ಬಾಟ್ಲಿ ಬರಿದಾಗಬಾರದಲ್ಲ. ತೆಗದಷ್ಟು ತುಂಬಬೇಕು."

"ಹಿಂದಿನ ಸಲಾನೂ ತುಂಬಿದ್ಯೇನು?"

"ಹೂಂ. ಅದರ ಹಿಂದಿನ ಸಲಾನೂ."

ಹಂಪಿ ಆಯಿಯ ಹತ್ತಿರ ಓಡಿದಳು. ಆಯಿ ಬಾಟ್ಲಿಯನ್ನು ಯಾವಾಗ ತುಂಬುತ್ತಿದ್ದಳು ಎಂದು ಕೇಳಿದಳು. ರೇಷ್ಮೆ ಕುದಿಸಿ, ಹುಣಸೆನೀರಿನಲ್ಲಿ ಜಾಲಿಸಿ, ಲಡಿ ಒಣಗಿ, ಅದು ಸರಿ ಬಂದಿದೆ ಎಂದು ಗೊತ್ತಾದ ಮೇಲೆ ಎಂದಳು ಆಯಿ. ಸರಿ ಬರದಿದ್ದರೆ? ಬಚ್ಚಲಿಗೆ ಚೆಲ್ಲುತ್ತಿದ್ದಳಂತೆ.

ಆಯಿ ತುಂಬುವುದನ್ನು ಅವ್ವ ಎಷ್ಟೋ ಸಲ ನೋಡಿದ್ದಳು. ತುಂಬುವ ಮೊದಲು ಆಯಿ ಕಾಯುತ್ತಿದ್ದುದು ಅವ್ವನ ಕಣ್ಣಿಗೆ ಬಿದ್ದಿರಲಿಲ್ಲ. ಒಂದು ಸಲ ಕಸುವಿಲ್ಲದ ನೀರು, ಇನ್ನೊಂದು ಸಲ ಕಸುವು ಮೀರಿದ ನೀರು ಸೇರಿ ಸೇರಿ, ಬಾಟ್ಲಿಯಲ್ಲಿ ಆಯಿಯ ನೀರು ಕಾಲು ಪಾಲಷ್ಟೇ ಉಳಿದಿತ್ತು. ಹಂಪಿ ಹನಿ ಎಣಿಸಿದ್ದು ಸರಿಯಾಗಿಯೇ ಇತ್ತು. ಯಾವುದಕ್ಕೆ ಹೋಲಿಸಿದಳೋ ಅದು ಕೆಟ್ಟಿತ್ತು.

ಅಂದು ಶಾಲೆಗೆ ಎಲ್ಲರಿಗಿಂತ ಮೊದಲು ಹೋಗಿ ಬಾಗಿಲಲ್ಲಿ ನಿಂತಳು. ವಿಜಯಾಬಾಯಿ ಬಂದೊಡನೆ ಎಲ್ಲ ಹೇಳಿದಳು. ಬಾಯಿಯವರು ಕೊನೆಯ ತನಕ ಕೇಳಿದರು. ಆಮೇಲೆ ಕಪಾಟಿನಿಂದ ಸೋಡಾದ ಪೊಟ್ಟಣ ತೆಗೆದುಕೊಟ್ಟರು. ಇದನ್ನು ತೂಗಿ ಕರಗಿಸಿದ ನೀರು ಇಂದೂ ಅಷ್ಟೇ ಕಸುವಿನದು, ನಾಳೆಯೂ ಅಷ್ಟೇ. ಇದಕ್ಕೆ ಹೋಲಿಸು ಎಂದರು.

"ಸೇರಿಗೆ ಎಷ್ಟು ತೊಲ ಹಾಕಿದ್ರ ರೇಷ್ಮಿಗೆ ಸರಿ ಆಗತೈತಿ ರೀ?"

ಬಾಯಿಯವರು ತಲೆ ಅಲ್ಲಾಡಿಸಿದರು. "ಅದು ನನಗ ಗೊತ್ತಿಲ್ಲ ಹಂಪಿ. ನೀರಾಗ ಎಷ್ಟು ಅದ ಅಂತ ನಾ ಹೇಳಬಲ್ಲೆ. ಎಷ್ಟು ಇರಬೇಕು ಅಂತ ನಿಮ್ಮ ಆಯಿನೇ ಹೇಳಬೇಕು."

ಇಷ್ಟು ಓದಿದವರು ಗೊತ್ತಿಲ್ಲ ಎಂದು ಇಷ್ಟು ಸಲೀಸಾಗಿ ಹೇಳಿದ್ದು ಕೇಳಿ ಹಂಪಿಗೆ ಅವರು ಇನ್ನೂ ದೊಡ್ಡವರಾಗಿ ಕಂಡರು.

ಸಂಜೆ ಅವಳು ಮೂರು ಕುಡಿಕೆಯಲ್ಲಿ ಸೋಡಾ ನೀರು ಮಾಡಿದಳು. ಒಂದಕ್ಕೆ ಸೇರಿಗೆ ಕಾಲು ತೊಲ, ಒಂದಕ್ಕೆ ಅರ್ಧ, ಒಂದಕ್ಕೆ ಒಂದು. ಉಳಿದ ಎರಡು ಲಡಿಯಿಂದ ಅಪ್ಪನೇ ಮೂರು ಸಣ್ಣ ಗುಚ್ಛ ಕತ್ತರಿಸಿ ಕೊಟ್ಟ. ಕಾಗದ ಬರೆಯುವ ಮಾತನ್ನು ಅವನೂ ಎತ್ತಲಿಲ್ಲ, ಡ್ರಾಪರಿನ ಮಾತನ್ನು ಇವಳೂ ಎತ್ತಲಿಲ್ಲ. ಅವ್ವ ಮೂರನ್ನೂ ಕುದಿಸಿ, ಹುಣಸೆನೀರಿನಲ್ಲಿ ಜಾಲಿಸಿ, ಒಲೆಯ ಕಾವಿನಲ್ಲಿ ಒಣಗಿಸಿದಳು.

ಹಂಪಿ ಮೂರು ಗುಚ್ಛವನ್ನೂ ಬಾಗಿಲ ಬಳಿಗೆ ಒಯ್ದಳು.

"ನನಗ್ಯಾಕ ತರ್ತಿ" ಎಂದಳು ಆಯಿ. "ನನ್ನ ನಾಲಿಗಿ ಸತ್ತೈತಿ."

"ನಾಲಿಗಿ ಬ್ಯಾಡ ಆಯಿ. ಕಿವಿ ಕೊಡು."

ಆಯಿ ಅವಳನ್ನೇ ನೋಡಿದಳು. ಮೊದಲೆಲ್ಲ ಒಣಗಿದ ಲಡಿಯನ್ನು ಕಿವಿಯ ಹತ್ತಿರ ಹಿಡಿದು ಹಿಚುಕುತ್ತಿದ್ದವಳು ಅವಳೇ ತಾನೇ. ಮೊದಲ ಗುಚ್ಛವನ್ನು ತೆಗೆದುಕೊಂಡು ಹಿಚುಕಿದಳು. ಏನೂ ಕೇಳಿಸಲಿಲ್ಲ. "ಅಂಟು ಹಂಗೇ ಐತಿ" ಎಂದು ಪಕ್ಕಕ್ಕಿಟ್ಟಳು. ಮೂರನೆಯದನ್ನು ಮುಟ್ಟಿದೊಡನೆಯೇ, ಕಿವಿಗೂ ಒಯ್ಯದೆ ಕೆಳಗಿಟ್ಟಳು. ಅದರ ಮೈ ಜುಂಗು ಜುಂಗಾಗಿತ್ತು.

ನಡುವಿನದನ್ನು ಹಿಡಿದು ಹಿಚುಕಿದಳು. ಹೊಸ ಚಪ್ಪಲಿ ಮೆಟ್ಟಿ ಯಾರೋ ಮೆಲ್ಲಗೆ ನಡೆದಂತೆ, ಕಿರ್ ಎಂದು ಸಣ್ಣ ಸದ್ದು ಬಂತು. ಆಯಿ ಕಣ್ಣು ಮುಚ್ಚಿದಳು. ಬೆರಳಿನಲ್ಲಿ ಎಳೆ ಬಿಡಿಸಿ ನೋಡಿದಳು. ಇನ್ನೊಮ್ಮೆ ಹಿಚುಕಿದಳು.

"ಇದು" ಎಂದಳು.

ಅರ್ಧ ತೊಲ. ಹಂಪಿ ಹೊಸದಾಗಿ ಒಂದು ಲೋಟ ನಿಂಬೆನೀರು ಮಾಡಿ ಎಣಿಸಿದಳು. ಅರ್ಧ ತೊಲದ ನೀರು ಹತ್ತು ಹನಿಗೆ ಹಳದಿಯಾಯಿತು. ಗಡಿಗೆಯ ಚೌಳು ನೀರು ಇಪ್ಪತ್ತು ಹನಿಗೆ. ನಿನ್ನೆ ಇದೇ ನೀರಿಗೆ ಇಪ್ಪತ್ತನಾಲ್ಕು ಹನಿ ಬೇಕಾಗಿತ್ತಲ್ಲ ಎಂದು ಡ್ರಾಪರನ್ನು ಎತ್ತಿ ನೋಡಿದಳು. ಆಮೇಲೆ ಬಾಯಿಯವರ ಮಾತು ನೆನಪಾಯಿತು. ನಿಂಬೆ ಬೇರೆ. ಈ ನಿಂಬೆ ಹೆಚ್ಚು ಹುಳಿ. ಇಂದಿನ ಹತ್ತಕ್ಕೆ ಇಂದಿನ ಇಪ್ಪತ್ತನ್ನೇ ಹೋಲಿಸಬೇಕು.

ಗೋಡೆಯ ಮೇಲೆ ಇದ್ದಿಲಿನಿಂದ ಬರೆದಳು. ಅರ್ಧ ತೊಲಕ್ಕೆ ಹತ್ತು ಹನಿ. ಇಪ್ಪತ್ತು ಹನಿ ಹಿಡಿದರೆ ಚೌಳು ನೀರಿನ ಕಸುವು ಸೇರಿಗೆ ಒಂದು ತೊಲ ಸೋಡಾದಷ್ಟು. ಬೇಕಾದದ್ದಕ್ಕಿಂತ ಎರಡರಷ್ಟು. ಒಂದು ಚೊಂಬಿಗೆ ಒಂದು ಚೊಂಬು ನೀರು ಬೆರೆಸಬೇಕು.

"ಯವ್ವಾ, ಸಮಸಮ" ಎಂದಳು.

ಆಗ ಆಯಿ ಗೋಡೆ ಹಿಡಿದು ಎದ್ದಳು. ಒಲೆಯ ಮುಂದೆ ಬಂದು ಕುಳಿತಳು. ಉರಿ ಜಾಸ್ತಿಯಾಯಿತು, ಲಡಿ ತಿರುಗಿಸು, ಕೋಲು ಎತ್ತು ಎಂದು ಅವ್ವನಿಗೆ ಹೇಳತೊಡಗಿದಳು. ಎಷ್ಟೋ ತಿಂಗಳ ಮೇಲೆ ಆ ಮನೆಯಲ್ಲಿ ಆ ದನಿ ಕೇಳಿಸಿತು. ಅವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡು, ಹೊಗೆ ಎಂದಳು.

ಎರಡು ದಿನದ ಮೇಲೆ ಅಪ್ಪ ಆ ರೇಷ್ಮೆಯನ್ನು ಮಗ್ಗಕ್ಕೆ ಹೂಡಿದ. ಹಂಪಿ ಕಂಬ ಹಿಡಿದು ನಿಂತಳು. ಲಾಳಿ ಅತ್ತ ಹೋಯಿತು, ಇತ್ತ ಬಂತು. ಎಳೆ ಹರಿಯಲಿಲ್ಲ. ಒಂದು ಬೆರಳಷ್ಟು ದಡಿ ಇಳಿಯಿತು, ಒಂದು ಗೇಣು ಇಳಿಯಿತು. ಅಪ್ಪ ತಲೆ ಎತ್ತಲೇ ಇಲ್ಲ. ಕೊನೆಗೆ ಲಾಳಿ ನಿಲ್ಲಿಸಿ, ನೇಯ್ದದ್ದರ ಮೇಲೆ ಅಂಗೈ ಆಡಿಸಿದ.

"ಹಂಪೀ, ಆ ಡ್ರಾಪರ್ ತೊಳದು ತಾ" ಎಂದ.

ಅವನಿಗೆ ಯಾವಾಗಿನಿಂದ ಗೊತ್ತಿತ್ತೋ.

ಅಪ್ಪ ಕಾಗದ ಬರೆಯುತ್ತಿರುವಾಗ ಆಯಿ ಹಂಪಿಯನ್ನು ಒಲೆಯ ಹತ್ತಿರ ಕರೆದಳು. ಒಣಗಿದ ಲಡಿಯನ್ನು ಇನ್ನೊಮ್ಮೆ ಕಿವಿಗೆ ಹಿಡಿದು ನೋಡಿ, ಹೆಪ್ಪಿನ ಬಾಟ್ಲಿಯ ಹಳೆಯ ನೀರನ್ನು ಬಚ್ಚಲಿಗೆ ಚೆಲ್ಲಿ, ಸರಿಬಂದ ನೀರನ್ನು ತುಂಬಿ ಬಿರಡೆ ಹಾಕಿದಳು. ಆಮೇಲೆ ಹಂಪಿಯ ಬೆರಳ ತುದಿಯನ್ನು ಚೊಂಬಿನಲ್ಲಿ ಉಳಿದ ಅದೇ ನೀರಿಗೆ ಮುಟ್ಟಿಸಿದಳು.

"ನಾಲಿಗಿಗೆ ಇಟಗೊ. ನುಂಗಬ್ಯಾಡ. ಉಗುಳಿ ಬಾಯಿ ಮುಕ್ಕಳಿಸು. ನಾ ಇಲ್ಲದಾಗ ಒಬ್ಬಾಕಿನೇ ಮಾಡಬ್ಯಾಡ ಮತ್ತ."

ನಾಲಿಗೆ ಚುರ್ ಎಂದಿತು. ಸೋಪು ತಗುಲಿದಂತೆ ಜಾರಿತು, ಹಿಂದೆಯೇ ಸಣ್ಣ ಕಹಿ. ಹಂಪಿ ಉಗುಳಿದಳು, ಮುಕ್ಕಳಿಸಿದಳು. ಆದರೂ ತುದಿಯಲ್ಲಿ ಏನೋ ಉಳಿಯಿತು. ಅರ್ಧ ತೊಲ ಅಂದರೆ ಇದು. ಕಣ್ಣು ಮುಚ್ಚಿದರೆ ಇನ್ನೂ ಚೆನ್ನಾಗಿ ತಿಳಿಯುತ್ತಿತ್ತು. ಆಯಿ ಕಣ್ಣು ಮುಚ್ಚುತ್ತಿದ್ದುದು ಇದಕ್ಕೇ.

ಅಪ್ಪ ಲಕೋಟೆ ಕೊಟ್ಟ. ಒಳಗೆ ಏನು ಬರೆದಿದ್ದಾನೆಂದು ಹಂಪಿ ಕೇಳಲಿಲ್ಲ. ಅಪ್ಪನೇ ಹೇಳಿದ. ನಾವು ಇಲ್ಲಿಯೇ ಇರುತ್ತೇವೆ, ಹಬ್ಬಕ್ಕೆ ನೀನೇ ಬಾ ಎಂದು ಬರೆದಿದ್ದನಂತೆ.

ಡಾಕ್‌ಖಾನೆಯ ಮುಂದೆ ನಿಂತು ಹಂಪಿ ಸ್ಟಾಂಪನ್ನು ನಾಲಿಗೆಗೆ ಮುಟ್ಟಿಸಿದಳು. ಗೋಂದಿನ ರುಚಿಯ ಕೆಳಗೆ ಚೌಳಿನ ಚುರುಕು ಇನ್ನೂ ಇತ್ತು. ಸ್ಟಾಂಪು ಅಂಟಿಸಿ ಹೆಬ್ಬೆರಳಿನಿಂದ ಒತ್ತಿ ಹಿಡಿದಳು, ಒಣಗುವ ತನಕ ಕಾದಳು. ಆಮೇಲೆ ತುದಿಗಾಲಿನಲ್ಲಿ ನಿಂತು ಲಕೋಟೆಯನ್ನು ಕೆಂಪು ಡಬ್ಬಿಯ ಬಾಯಿಗೆ ಹಾಕಿದಳು. ಅದು ತಳಕ್ಕೆ ಬಿದ್ದ ಸದ್ದು ಕೇಳಿಸಿದ ಮೇಲೆಯೇ ಕೈ ತೆಗೆದಳು.